ಚಿಲ್ಲರೆ

ಡಿಪೋ ಹಿಂದಿನ ಸವೆದ ಟೈರಿನೊಳಗೆ ಸಿಕ್ಕಿದ್ದು.
ಚಿಲ್ಲರೆ ಅಂತ ಹೆಸರಿಟ್ಟೆ.
ಬ್ಯಾಗಿನ ತಳದಲ್ಲಿ ಉಳಿಯುತ್ತದಲ್ಲ
ಯಾರೂ ಕೇಳಿ ಪಡೆಯದ ಒಂದು ರೂಪಾಯಿ,
ಹಾಗೆ ಉಳಿದಿತ್ತು, ಎರಡು ತಿಂಗಳ ಹೆಣ್ಣುಮರಿ.

ಮೊದಲ ವಾರವೆಲ್ಲ ಬೈದೆ.
ಬಾಗಿಲಲ್ಲಿ ಕೂರುತ್ತದೆ, ಒಲೆಯ ಮುಂದೆ ಕೂರುತ್ತದೆ,
ಒಗೆದು ಮಡಚಿದ ಖಾಕಿಯ ಮೇಲೆ ಕೂರುತ್ತದೆ,
ಬೆನ್ನು ಬಿಲ್ಲಾಗಿಸಿ ಇಡೀ ಮೈ ತಿಣುಕಿ
ಎರಡು ಹನಿ.
ಎದ್ದು ನಾಲ್ಕು ಹೆಜ್ಜೆ, ಮತ್ತೆ ಕೂತು
ಒಂದು ಹನಿ.
ಹಟಮಾರಿ ಅಂದೆ. ಪೊರಕೆ ತೋರಿಸಿದೆ.
ಎಂಟನೆಯ ದಿನ ಸಿಮೆಂಟು ನೆಲದ ಮೇಲೆ
ದಾಳಿಂಬೆ ಹಿಂಡಿದ ಬಣ್ಣ.
ಮರಿ ತನ್ನ ಹಿಂದನ್ನೇ ತಿರುಗಿ ನೋಡಿ ಕುಂಯ್ ಅಂತು,
ಯಾರೋ ಕಚ್ಚಿದರು ಎಂಬಂತೆ.
ಪೊರಕೆ ಇನ್ನೂ ನನ್ನ ಕೈಯಲ್ಲೇ ಇತ್ತು.

ಪಶು ಆಸ್ಪತ್ರೆಯ ಇಂಪನಾ ಡಾಕ್ಟರು, ಇನ್ನೂ ಹುಡುಗಿ,
'ಬೆಳಗಿನ ಮೊದಲನೆಯದು ಹಿಡಿದು ತನ್ನಿ' ಅಂದರು.
ಹಿಡಿದು ತರುವುದಂತೆ!
ಐದು ಗಂಟೆಯ ಕತ್ತಲಲ್ಲಿ ಸಾರಿನ ಸೌಟು ಹಿಡಿದು
ಓಣಿ ತುಂಬ ಮರಿಯ ಹಿಂದೆ ಕುಕ್ಕರುಗಾಲಲ್ಲಿ ನಾನು.
ಹಾಲಿನ ರುದ್ರಪ್ಪ ಸೈಕಲ್ ನಿಲ್ಲಿಸಿ
'ಏನಕ್ಕಾ, ಅದಕ್ಕೂ ಟಿಕೆಟ್ ಹರೀತಿದೀರಾ?'
ಹುಣಸೆಮರದ ಬುಡದಲ್ಲಿ ದಕ್ಕಿತು, ಅರ್ಧ ಸೌಟು.

ಬಣ್ಣದ ಕಡ್ಡಿ ಅದ್ದಿ ನೋಡಿ ಹೇಳಿದರು:
ಸೋಂಕು. ಹಟ ಅಲ್ಲ.
ಉರಿಯುವುದಕ್ಕೆ ಪೂರ್ತಿ ಬಿಡಲಾರದು,
ಪೂರ್ತಿ ಬಿಡದೆ ಉಳಿದದ್ದು ಮತ್ತೆ ಉರಿಯುತ್ತದೆ.
ಹದಿನಾಲ್ಕು ದಿನ ಔಷಧಿ, ಚೆನ್ನಾಗಾಯ್ತು ಅಂತ ನಡುವೆ ನಿಲ್ಲಿಸಬೇಡಿ.
ನೀರು ಸದಾ ಮುಂದಿರಲಿ.
ಎರಡು ಗಂಟೆಗೊಮ್ಮೆ ಹೊರಗೆ ಬಿಡಿ,
ತಡೆದುಕೊಳ್ಳುವ ಹಾಗೆ ಮಾಡಬೇಡಿ.

ಎರಡು ಗಂಟೆಗೊಮ್ಮೆ.

ನಾನು ನಕ್ಕೆ. ಯಾಕೆಂದು ಅವರಿಗೆ ತಿಳಿಯಲಿಲ್ಲ.
ಅರಸೀಕೆರೆ ಬಿಟ್ಟರೆ ಬಾಣಾವರ, ಬಾಣಾವರ ಬಿಟ್ಟರೆ ಕಡೂರು,
ಕಡೂರಲ್ಲಿ ಐದು ನಿಮಿಷ,
ಅಲ್ಲಿ ಬಾಗಿಲಿಗೆ ಬೀಗ, ಬೀಗದಕೈ ಇದ್ದವನು ಊಟಕ್ಕೆ,
ಸಖರಾಯಪಟ್ಟಣ, ಚಿಕ್ಕಮಗಳೂರು, ತಿರುಗಿ ಅದೇ ದಾರಿ.
ಡ್ರೈವರ್ ಓಂಕಾರಪ್ಪ ಬೇಲಿ ಕಡೆ ಮುಖ ಮಾಡಿ ನಿಂತು ಬರುತ್ತಾರೆ
ಬೀಡಿ ಹಚ್ಚುವಷ್ಟು ಸಲೀಸಾಗಿ.
ನಾನು ಅರವತ್ತೆಂಟು ಜನರ ನಡುವೆ
ಹಂಪ್ ಬಂದಾಗೆಲ್ಲ ಹಲ್ಲು ಕಚ್ಚಿ
ಹೋಲ್ಡಾನ್, ಹೋಲ್ಡಾನ್.
ನೀರಿನ ಬಾಟಲಿ ಇದೆ. ಹನ್ನೊಂದು ವರ್ಷದಿಂದ
ತುಂಬಿದ್ದು ತುಂಬಿದ ಹಾಗೇ ಮನೆಗೆ ಬರುತ್ತದೆ.
ಉರಿ ಎದ್ದಾಗ ಮೆಡಿಕಲ್ಲಿನ ಹುಡುಗನಿಗೆ
'ಮನೇಲಿ ಒಬ್ಬರಿಗೆ' ಅಂತ ಸುಳ್ಳು ಹೇಳಿ
ಆರು ಮಾತ್ರೆ. ಎರಡು ನುಂಗಿ, ಉಳಿದದ್ದು ಪರ್ಸಿನಲ್ಲಿ.

ಎಷ್ಟು ದಿನದಿಂದ? ನೋವು ಮೊದಲಿಗೋ, ಕೊನೆಗೋ?
ರಾತ್ರಿ ಎಷ್ಟು ಸಲ ಏಳುತ್ತದೆ?
ತಡವರಿಸದೆ ಹೇಳಿದ್ದೆ ಎಲ್ಲಕ್ಕೂ.
'ಎಷ್ಟು ಚೆನ್ನಾಗಿ ಗಮನಿಸಿದ್ದೀರಿ' ಅಂದರು.

ನಾನು ಡ್ಯೂಟಿಗೆ ಹೋದರೆ ಎದುರುಮನೆ ಬೀಬಿಜಾನ್ ಅಜ್ಜಿ
ಬಾಂಗ್ ಕೇಳಿದಾಗೆಲ್ಲ ಮರಿಯನ್ನು ಹೊರಗೆ ಬಿಟ್ಟರು,
ನಡುನಡುವೆ ತಮಗೆ ಎದ್ದು ಹೋಗಬೇಕಾದಾಗಲೂ.

ಒಂಬತ್ತನೆಯ ದಿನ, ಸಖರಾಯಪಟ್ಟಣ.
ಬಾಟಲಿ ಎತ್ತಿ ಗಟಗಟ ಕುಡಿದಿದ್ದೆ.
ಸೀಟಿ ಊದಿದೆ. ಐದು ನಿಮಿಷ ಅಂದೆ. ಯಾಕೆ ಅನ್ನಲಿಲ್ಲ.
ಹಿಂದಿನ ಸೀಟಿನವನು ಗಡಿಯಾರ ನೋಡಿ ಗೊಣಗಿದ.
ಪರಿಚಯದ ಮನೆಯ ಕದ ತಟ್ಟುವಾಗ ಬೆನ್ನ ಹಿಂದೆ
'ನಿಂತ್ಕಳವ್ವ, ನಾನೂ ಬತ್ತೀನಿ'
ಅವರೆಕಾಯಿ ಚೀಲದ ಮುದುಕಿ,
ಅವಳ ಹಿಂದೆ ಕಾಲೇಜಿನ ಇಬ್ಬರು,
ಕೂಸೆತ್ತಿಕೊಂಡ ಮತ್ತೊಬ್ಬಳು.
ಲೇಟಿಗೆ ಡಿಪೋದಲ್ಲಿ ಮೆಮೊ ಕೊಟ್ಟರು. ಇಸಕೊಂಡೆ.

ಹದಿನಾಲ್ಕನೆಯ ಬೆಳಗು, ಹುಣಸೆಮರದ ಬುಡ.
ಚಿಲ್ಲರೆ ಕೂತಿತು. ಬೆನ್ನು ಬಿಲ್ಲಾಗಲಿಲ್ಲ.
ಅಭ್ಯಾಸ, ತಲೆ ಎಣಿಸುವ ಹಾಗೆ ಎಣಿಸಿದೆ,
ಹದಿಮೂರು, ಹದಿನಾಲ್ಕು, ಹದಿನೈದು,
ಇನ್ನೂ ಇಳಿಯುತ್ತಲೇ ಇತ್ತು.
ಮುಗಿಯಲಿ ಅಂತ ನಿಂತೆ.
ರೈಟ್ ಅನ್ನಲಿಲ್ಲ.